ಬಾವಿಯ ನೀರು ಎಲ್ಲಿಂದ ಕೆಡುತ್ತಿದೆ?

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ರೂಢಿ. ಒಳ್ಳೆಯದೇ. ಆದರೆ ಹದಿನೈದು ದಿನದಲ್ಲಿ ನೀರು ಮತ್ತೆ ಕೆಟ್ಟರೆ, ಹೊಲಸು ಒಳಗೆ ಬರುತ್ತಲೇ ಇದೆ ಎಂದರ್ಥ. ಹಾಗೆಂದು ಮೇಲಿನ ಮನೆಯ ಪಾಯಿಖಾನೆ ಗುಂಡಿಯತ್ತ ಬೊಟ್ಟು ಮಾಡಿ ಜಗಳಕ್ಕೆ ನಿಲ್ಲಬಾರದು. ನೆಲದಡಿಯ ನೀರು ಯಾವಾಗಲೂ ಗುಡ್ಡದ ಇಳಿಜಾರನ್ನೇ ಹಿಡಿಯುವುದಿಲ್ಲ. ತೋಟಕ್ಕೆ ಹಗಲಿಡೀ ಪಂಪು ನಡೆಸುವ ಬಾವಿ ತಗ್ಗಿನ ಕಡೆಯಿಂದಲೂ ನೀರೆಳೆಯುತ್ತದೆ.

ದಿಕ್ಕು ತಿಳಿಯಲು ಮೂರು ಬಾವಿ ಸಾಕು. ಅವು ಒಂದೇ ಸಾಲಿನಲ್ಲಿರಬಾರದು. ಮೂರು ಮನೆಯವರೂ ಹಿಂದಿನ ಸಂಜೆಯಿಂದ ಪಂಪು ನಿಲ್ಲಿಸಬೇಕು. ಬೆಳಿಗ್ಗೆ ಹಗ್ಗ ಇಳಿಸಿ ಪ್ರತಿ ಕಟ್ಟೆಯಿಂದ ನೀರಿನ ತನಕ ಅಳೆಯಿರಿ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪಿನಿಂದ, ಎತ್ತರದ ಕಟ್ಟೆಗಿಂತ ಉಳಿದವು ಎಷ್ಟು ತಗ್ಗಿನಲ್ಲಿವೆ ಎಂದು ನೋಡಿ ಆ ವ್ಯತ್ಯಾಸವನ್ನು ಅಳತೆಗೆ ಕೂಡಿಸಿ. ಹೀಗೆ ಲೆಕ್ಕ ಹಾಕಿದಾಗ ನೀರು 6, 6.5 ಮತ್ತು 7 ಮೀಟರ್ ಕೆಳಗಿದೆ ಎನ್ನೋಣ. ಕಾಗದದಲ್ಲಿ ಬಾವಿಗಳ ನಕ್ಷೆ ಬರೆದು, 6ರ ಬಾವಿಯಿಂದ 7ರ ಬಾವಿಗೆ ಗೆರೆ ಎಳೆಯಿರಿ. ಅದರ ನಡುಬಿಂದುವನ್ನು 6.5ರ ಬಾವಿಗೆ ಜೋಡಿಸಿ. ಈ ಎರಡನೆಯ ಗೆರೆಗೆ ಲಂಬವಾಗಿ, 7ರ ಬಾವಿಯ ಕಡೆಗೆ ನೀರು ಹರಿಯುತ್ತಿದೆ. ಕೆಟ್ಟ ಬಾವಿಯಿಂದ ಅದರ ಎದುರು ದಿಕ್ಕಿಗೆ ಹುಡುಕುತ್ತಾ ಹೋಗಬೇಕು. ಪಂಪು ನಡೆಯುವಾಗ ಇನ್ನೊಮ್ಮೆ ಅಳೆದರೆ ದಿಕ್ಕು ತಿರುಗುವುದೂ ಕಂಡೀತು.

ಕೆಡುವ ಕಾಲವನ್ನೂ ಗಮನಿಸಿ. ಮಳೆ ಬಿದ್ದ ಮರುದಿನವೇ ನೀರು ಕದಡಿದರೆ ಅಂಗಳದ ನೀರು ಕಟ್ಟೆಯ ಬಿರುಕಿನಿಂದ ಇಳಿಯುತ್ತಿರಬಹುದು. ಬೇಸಗೆಯಲ್ಲೂ ಕೆಟ್ಟಿದ್ದರೆ ಯಾವುದೋ ಗುಂಡಿ ನಿತ್ಯ ಜಿನುಗುತ್ತಿದೆ ಎಂದು ಸಂಶಯಪಡಬೇಕು. ಕಾಸರಗೋಡಿನ ಮುರಕಲ್ಲಿನ ತೂತುಗಳಲ್ಲಿ ನೀರು ಸರಿಯಾಗಿ ಸೋಸದೆ ಬೇಗ ಸಾಗುತ್ತದೆ. ಬಾವಿಗೂ ಗುಂಡಿಗೂ ಏಳೂವರೆ ಮೀಟರ್ ಅಂತರವಿರಬೇಕೆಂಬ ಕೇರಳದ ಕಟ್ಟಡ ನಿಯಮ ಪಾಲಿಸಿದರೂ ಇಲ್ಲಿ ನಿಶ್ಚಿಂತೆಯಿಲ್ಲ.

ಪ್ರಯೋಗಾಲಯದಲ್ಲಿ ಕೋಲಿಫಾರ್ಮ್, ನೈಟ್ರೇಟ್, ಕ್ಲೋರೈಡ್ ಮೂರನ್ನೂ ಒಟ್ಟಿಗೆ ಕೇಳಿ. ಮೂರೂ ಹೆಚ್ಚಿದ್ದರೆ ಪಾಯಿಖಾನೆ ಅಥವಾ ದನದ ಹಟ್ಟಿ. ನೈಟ್ರೇಟ್ ಮಾತ್ರ ಹೆಚ್ಚಿದ್ದರೆ ತೋಟದ ಗೊಬ್ಬರ. ಕಡಲ ಬದಿಯಲ್ಲಿ ಕ್ಲೋರೈಡ್ ಮಾತ್ರ ಏರಿದರೆ ಉಪ್ಪುನೀರು. ಇವು ಊಹೆಗೆ ದಾರಿ, ತೀರ್ಪಲ್ಲ.

ಖಚಿತಪಡಿಸಲು ಉಪ್ಪಿನ ಪರೀಕ್ಷೆಯಿದೆ. ಮೊದಲು ಬಾವಿಯ ಕ್ಲೋರೈಡನ್ನು ಎರಡು ಮೂರು ದಿನ ಅಳೆಸಿ. ಆಮೇಲೆ ಗುಂಡಿಯ ಮನೆಯವರ ಒಪ್ಪಿಗೆಯಿಂದಲೇ ಕೆಲವು ಕಿಲೋ ಉಪ್ಪು ಕರಗಿಸಿ ಆ ಗುಂಡಿಗೆ ಸುರಿದು, ದಿನವೂ ಬಾವಿಯ ನೀರು ನೋಡಿ. ಕ್ಲೋರೈಡ್ ಸ್ಪಷ್ಟವಾಗಿ ಏರಿ ಇಳಿದರೆ ಸಂಬಂಧವಿದೆ. ಏರದಿದ್ದರೆ ಗುಂಡಿ ನಿರ್ದೋಷಿ ಎಂದಲ್ಲ, ನೀರು ನಿಧಾನ ಸಾಗುತ್ತಿರಬಹುದು.

ಮೂಲ ಸಿಗುವ ತನಕ ನೀರು ಕುದಿಸಿ ಕುಡಿಯಿರಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಮಾತ್ರ ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತದೆ. ಅಂಥ ನೀರಿನಲ್ಲಿ ಕೈಗೂಸುಗಳಿಗೆ ಪುಡಿಹಾಲು ಕಲಸಬೇಡಿ. ಮಗುವಿನ ತುಟಿ, ಉಗುರು ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಬಾವಿಯ ವಿಷಯವನ್ನೂ ವೈದ್ಯರಿಗೆ ತಿಳಿಸಿ.