ಮಣಿಪಾಲಕ್ಕೆ ಹೊರಟವರಿಗೆ: ಯಾವಾಗ ಹೋದರೆ ಯಾವ ಬಾಗಿಲು ತೆರೆದಿರುತ್ತದೆ

ಮಗಳನ್ನು ಹಾಸ್ಟೆಲಿಗೆ ಬಿಡಲು ಬರುವ ಅಪ್ಪ ಅಮ್ಮ, ಆಸ್ಪತ್ರೆಗೆ ಮನೆಯ ಹಿರಿಯರನ್ನು ಕರೆತರುವವರು, ಓದಿದ ಊರನ್ನು ಮತ್ತೊಮ್ಮೆ ನೋಡಬೇಕೆಂದು ಬರುವ ಹಳೆ ವಿದ್ಯಾರ್ಥಿಗಳು, ಉಡುಪಿಯ ಕೃಷ್ಣಮಠಕ್ಕೆ ಬಂದು ಅರ್ಧ ದಿನ ಉಳಿಸಿಕೊಂಡವರು. ಮಣಿಪಾಲದಲ್ಲಿ ಬಸ್ಸಿಳಿಯುವ ಪರವೂರಿನವರಲ್ಲಿ ಹೆಚ್ಚಿನವರು ಇವರೇ. ಇವರೆಲ್ಲರಿಗೂ ನಾನು ಮೊದಲು ಹೇಳುವುದು ಒಂದೇ: ರೈಲಿನ ಟಿಕೆಟ್ ಮಾಡಿಸುವ ಮುಂಚೆ ಕಾಲೇಜಿಗೆ ರಜೆ ಯಾವಾಗ ಎಂದು ಕೇಳಿಕೊಳ್ಳಿ. ಇಲ್ಲಿ ಹೋಟೆಲು, ಝೆರಾಕ್ಸ್ ಅಂಗಡಿ, ಆಟೋ, ಪಿ.ಜಿ. ಎಲ್ಲ ನಡೆಯುವುದು ಆ ಲೆಕ್ಕದ ಮೇಲೆ.

ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡುವ ಮೊದಲು ಇದು ಮುರಕಲ್ಲಿನ ಬೋಳುಗುಡ್ಡ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಉಡುಪಿಗೆ ಮಠವಿದೆ, ರಥಬೀದಿಯಿದೆ, ತಲೆಮಾರುಗಳಿಂದ ಬಂದ ಗಿರಾಕಿಗಳಿದ್ದಾರೆ. ಐದಾರು ಕಿಲೋಮೀಟರ್ ಆಚೆಯ ಮಣಿಪಾಲದ ಪೇಟೆಗೆ ಅಂಥ ಬೇರಿಲ್ಲ. ಓದು ಮುಗಿಯುತ್ತಲೇ ಹೊರಟುಹೋಗುವ ಹುಡುಗ ಹುಡುಗಿಯರೇ ಅದರ ಗಿರಾಕಿಗಳು.

ಹಾಗೆಂದು ಇಡೀ ಊರು ಒಂದೇ ಸಮನೆ ತೆರೆದು ಮುಚ್ಚುವುದಿಲ್ಲ. ಕಸ್ತೂರ್ಬಾ ಆಸ್ಪತ್ರೆಗೆ ರಜೆಯೆಂಬುದಿಲ್ಲ. ಆದ್ದರಿಂದ ಆಸ್ಪತ್ರೆಯ ಸುತ್ತಲಿನ ಔಷಧಿ ಅಂಗಡಿ, ಹಣ್ಣಿನಂಗಡಿ, ಊಟದ ಹೋಟೆಲು, ರೋಗಿಗಳ ಕಡೆಯವರು ಉಳಿಯುವ ಲಾಡ್ಜು ವರ್ಷವಿಡೀ ನಡೆಯುತ್ತವೆ. ಬೆಳಗಿನ ಇಡ್ಲಿ, ಮಧ್ಯಾಹ್ನದ ಕುಚ್ಚಲಕ್ಕಿ ಊಟ, ಫ್ಲಾಸ್ಕಿಗೆ ಬಿಸಿನೀರು ಬೇಕಾದವರು ಈ ಕಡೆಗೇ ಹೋಗಿ. ಎಂಜಿನಿಯರಿಂಗ್ ಕಾಲೇಜಿನ ಬದಿಯ ಈಶ್ವರನಗರ, ಬಾಡಿಗೆ ಕೋಣೆಗಳೇ ತುಂಬಿದ ವಿದ್ಯಾರತ್ನನಗರದ ಕಥೆ ಬೇರೆ. ಶವರ್ಮ, ಮೊಮೊ, ಪರೋಟ, ಮಧ್ಯರಾತ್ರಿಯ ಮ್ಯಾಗಿ, ಕೇರಳದವರ ಚಹಾ ಇವೆಲ್ಲ ಸಿಗುವುದು ಆ ಕಡೆ. ವಿದ್ಯಾರ್ಥಿಗಳನ್ನೇ ನಂಬಿದ ಹೋಟೆಲುಗಳಲ್ಲಿ ಅನೇಕವು ಏಳುವುದೇ ತಡವಾಗಿ. ಬೆಳಿಗ್ಗೆ ಏಳಕ್ಕೆ ಅಲ್ಲಿ ತಿಂಡಿ ಹುಡುಕಿದರೆ ಸಿಗುವುದು ಮುಚ್ಚಿದ ಷಟರು.

ಈಗ ವರ್ಷದ ಲೆಕ್ಕ. ಆಗಸ್ಟಿನಿಂದ ನವೆಂಬರ್, ಜನವರಿಯಿಂದ ಏಪ್ರಿಲ್, ಈ ಎರಡು ಹೊತ್ತಿನಲ್ಲಿ ಪೇಟೆ ತುಂಬಿರುತ್ತದೆ. ಡಿಸೆಂಬರ್ ಕೊನೆಗೆ ಕೆಲವು ವಾರ ತೆಳುವಾಗುತ್ತದೆ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿಯುತ್ತಿದ್ದಂತೆ ಟೈಗರ್ ಸರ್ಕಲ್ಲಿನಲ್ಲಿ ರಾತ್ರಿ ಬಸ್ಸಿಗೆ ಕಾಯುವ ಪೆಟ್ಟಿಗೆ, ಬ್ಯಾಗುಗಳ ಸಾಲು ಬೆಳೆಯುತ್ತದೆ. ಕೋಣೆ ಖಾಲಿ ಮಾಡುವವರು ಸೈಕಲ್, ಹಾಸಿಗೆ, ಟೇಬಲ್ ಫ್ಯಾನುಗಳನ್ನು ಸಿಕ್ಕ ಬೆಲೆಗೆ ಮಾರುತ್ತಾರೆ. ಮಕ್ಕಳಿಗೆ ಕೋಣೆ ಹುಡುಕುತ್ತಿರುವ ಪೋಷಕರು ಈ ವಾರಗಳಲ್ಲೇ ಒಮ್ಮೆ ಬಂದುಹೋಗುವುದು ಒಳ್ಳೆಯದು. ಕೋಣೆಯೂ ಸಿಗುತ್ತದೆ, ಸಾಮಾನೂ ಸಿಗುತ್ತದೆ.

ಜೂನ್, ಜುಲೈ ತಿಂಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆ ಹೊತ್ತಿಗೆ ಮೂರು ಸಂಗತಿಗಳು ಒಟ್ಟಿಗೆ ಬಂದು ಪೇಟೆಯ ಮೇಲೆ ಕೂರುತ್ತವೆ. ಮೊದಲನೆಯದು ರಜೆ. ಎರಡನೆಯದು ಮಳೆ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಮೂರನೆಯದು ಮೀನಿನದು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿ ನಿಂತರೆ ಮಣಿಪಾಲದ ಮೀನೂಟದ ಬೆಲೆ ಏರುತ್ತದೆ. ಬಂಗುಡೆ, ಅಂಜಲ್ ತಾಜಾ ಸಿಗುವುದೂ ಅಪರೂಪ. ಮೀನಿಗಾಗಿಯೇ ಬರುವವರು ಆಗಸ್ಟ್ ನಡುವಿನವರೆಗೆ ಕಾಯಿರಿ.

ಈ ಎರಡು ತಿಂಗಳಲ್ಲಿ ಅಂಗಡಿಯೆದುರು ನೀಲಿ ಟಾರ್ಪಾಲು ಇಳಿಬಿದ್ದಿರುತ್ತದೆ. ಷಟರು ಅರ್ಧ ಎತ್ತಿ ಮಾಲೀಕರು ಒಳಗೆ ಫ್ರಿಜ್ ತೊಳೆಯುತ್ತಲೋ ಗೋಡೆಗೆ ಬಣ್ಣ ಬಳಿಸುತ್ತಲೋ ಇರುತ್ತಾರೆ. ಅಡುಗೆಯವರು ಊರಿಗೆ ಹೋಗಿರುತ್ತಾರೆ. ‘ರಜೆ’ ಎಂದು ಚೀಟಿ ಅಂಟಿಸಿದ ಅಂಗಡಿ ಬಹುಮಟ್ಟಿಗೆ ಮತ್ತೆ ತೆರೆಯುತ್ತದೆ. ಬೋರ್ಡು ಇಳಿಸಿ, ಕೊಕ್ಕೆಗಳಷ್ಟೇ ಉಳಿದ ಅಂಗಡಿಯನ್ನು ಮಾತ್ರ ಕಾಯಬೇಡಿ. ‘ಬಾಡಿಗೆಗೆ ಇದೆ’ ಎಂಬ ಫಲಕಗಳನ್ನು ನೀವು ಅತಿ ಹೆಚ್ಚು ಕಾಣುವುದು ಆಗಲೇ.

ಬಾಗಿಲು ಹಾಕುವುದಕ್ಕೆ ಕಾರಣ ದೊಡ್ಡ ಗುಟ್ಟೇನಲ್ಲ. ವ್ಯಾಪಾರವಾಗುವುದು ಎಂಟೊಂಬತ್ತು ತಿಂಗಳು, ಬಾಡಿಗೆ ಕಟ್ಟಬೇಕಾದದ್ದು ಹನ್ನೆರಡು ತಿಂಗಳು, ಅದಕ್ಕೆ ಮೊದಲೇ ದೊಡ್ಡ ಮುಂಗಡ. ಒಂದು ವರ್ಷದ ಹುಡುಗರಿಗೆ ಇಷ್ಟವಾದದ್ದು ಮರುವರ್ಷದವರಿಗೆ ಬೇಡವಾಗುತ್ತದೆ. 2020ರಲ್ಲಂತೂ ಎರಡು ಪೆಟ್ಟು ಒಂದೇ ವಾರದ ಅಂತರದಲ್ಲಿ ಬಿದ್ದವು. ಮಾರ್ಚ್ 25ರಿಂದ ಲಾಕ್‌ಡೌನ್. ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಣಿಪಾಲ ಸಿಂಡಿಕೇಟಿನ ಮುಖ್ಯ ಕಚೇರಿಯನ್ನು ಕಳೆದುಕೊಂಡಿತು. ವಿದ್ಯಾರ್ಥಿಗಳು ಮರಳಿ ಬಂದರು. ಮುಖ್ಯ ಕಚೇರಿಯ ಪಟ್ಟ ಮರಳಿ ಬರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆಯಂತೆ ಸಣ್ಣ ದುಡಿಮೆಯವರ ಉಳಿತಾಯವನ್ನು ಮನೆ, ಅಂಗಡಿ ಬಾಗಿಲಿಗೇ ಹೋಗಿ ಸಂಗ್ರಹಿಸಿತ್ತು. ಗೂಡಂಗಡಿಯವರ ಚಿಲ್ಲರೆಯಿಂದಲೂ ಬೆಳೆದ ಬ್ಯಾಂಕು ಅದು. ಸಿಂಡಿಕೇಟ್ ಸರ್ಕಲ್ ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಆಟೋದವರಿಗೆ ನೀವೂ ಹಾಗೇ ಹೇಳಿ.

ಹೊಸ ಅಂಗಡಿಗಳು ತೆರೆಯುವುದಕ್ಕೂ ಇಲ್ಲಿ ಒಂದು ಕಾಲವಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಆಟಿಯಲ್ಲಿ ಶುಭಕಾರ್ಯ ಮಾಡುವುದಿಲ್ಲ, ಊರಿನವರು ಹೊಸ ವ್ಯಾಪಾರವನ್ನೂ ಶುರುಮಾಡುವುದಿಲ್ಲ. ಮಳಿಗೆಯ ಒಳಗೆ ಮರದ ಕೆಲಸ ಮುಗಿದಿದ್ದರೂ ಬಾಗಿಲು ತೆರೆಯದೆ ಮುಂದಿನ ಸೋಣ ತಿಂಗಳಿಗೆ ಕಾಯುತ್ತಾರೆ. ಆಗಸ್ಟ್ ಮೂರನೆಯ ವಾರದಿಂದ ನವರಾತ್ರಿಯವರೆಗೆ ಬಂದರೆ ‘ಶುಭಾರಂಭ’ದ ಫ್ಲೆಕ್ಸುಗಳು ಸಾಲುಸಾಲಾಗಿ ಕಾಣುತ್ತವೆ. ಬಾಗಿಲಿಗೆ ಮಾವಿನೆಲೆಯ ತೋರಣ, ಎರಡು ಬದಿಗೆ ಬಾಳೆಗಿಡ, ಒಳಗೆ ಗಣಹೋಮದ ಹೊಗೆ ಇನ್ನೂ ಆರಿರುವುದಿಲ್ಲ, ಆಗಲೇ ಕೌಂಟರಿನಲ್ಲಿ ಬಂದವರಿಗೆಲ್ಲ ಜ್ಯೂಸು, ಸಿಹಿ. ಅಪರಿಚಿತರೆಂದು ಹಿಂಜರಿಯಬೇಡಿ. ಮೊದಲ ದಿನ ಒಳಗೆ ಕಾಲಿಟ್ಟವರನ್ನು ಇಲ್ಲಿಯವರು ಅತಿಥಿಗಳೆಂದೇ ನೋಡುತ್ತಾರೆ. ಆದರೆ ಹೊಸ ಹೋಟೆಲಿನ ಅಡುಗೆ ಹದಕ್ಕೆ ಬರಲು ಕೆಲವು ವಾರ ಬೇಕು. ಹಸಿವಾಗಿ, ಹೊತ್ತೂ ಕಡಿಮೆಯಿದ್ದರೆ ಹಳೆಯ ಹೋಟೆಲೇ ಮೇಲು.

ಆಟಿಗೆ ಅದರದೇ ರುಚಿಯೂ ಇದೆ. ಕೆಸುವಿನೆಲೆಯ ಪತ್ರೊಡೆ, ಕಣಿಲೆ, ತಗತೆ ಸೊಪ್ಪು ಅಡುಗೆಮನೆಗೆ ಬರುವುದು ಆಗಲೇ. ಊರಿನವರೇ ನಡೆಸುವ ಸಣ್ಣ ಹೋಟೆಲುಗಳಲ್ಲಿ ‘ಇವತ್ತು ಪತ್ರೊಡೆ ಉಂಟಾ?’ ಎಂದು ಬಾಯಿಬಿಟ್ಟು ಕೇಳಿ. ಎಲ್ಲ ದಿನ ಇರುವುದಿಲ್ಲ, ಇದ್ದ ದಿನ ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಅಂಗಡಿ ತೆರೆದಿದೆಯೋ ಎಂದು ತಿಳಿಯಲು ಫೋನಿನ ನಕ್ಷೆಯೊಂದನ್ನೇ ನಂಬಬೇಡಿ. ಮುಚ್ಚಿದ ಅಂಗಡಿ ಅದರಲ್ಲಿ ಬಹಳ ದಿನ ತೆರೆದೇ ಇರುತ್ತದೆ. ಟೈಗರ್ ಸರ್ಕಲ್ಲಿನ ಆಟೋದವರನ್ನೋ ಎಳನೀರಿನವರನ್ನೋ ಕೇಳಿ. ಹಳೆ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಕಾಲದ ಅಂಗಡಿ ಆ ಜಾಗದಲ್ಲಿ ಇಲ್ಲವೆಂದ ಮಾತ್ರಕ್ಕೆ ಹೋಯಿತೆಂದು ತಿಳಿಯಬೇಡಿ. ಉಡುಪಿಯಿಂದ ಆಗುಂಬೆಯ ಕಡೆಗೆ ಹೋಗುವ 169ಎ ಹೆದ್ದಾರಿ ಊರ ನಡುವೆಯೇ ಹಾದಿದೆ, ರಸ್ತೆ ಅಗಲವಾದಂತೆ ಅಂಚಿನ ಪೇಟೆಯ ಮುಖವೇ ಬದಲಾಗಿದೆ. ಬಾಡಿಗೆ ತಾಳದೆ ಒಳರಸ್ತೆಗೆ ಹೋದವರೂ ಇದ್ದಾರೆ. ಹೊಸ ಮಳಿಗೆಯಲ್ಲಿ ಹಳೆಯ ಮಾಲೀಕರೇ ಇರಬಹುದು, ನಿಮ್ಮನ್ನು ಗುರುತಿಸಲೂಬಹುದು.

ಕಾಲೇಜಿನ ರಜೆಯ ಹಂಗಿಲ್ಲದ ಜಾಗಗಳೂ ಇವೆ. ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಬಿಡಲೇಬೇಡಿ. ಪ್ರವೇಶಕ್ಕೆ ನಿಗದಿತ ಹೊತ್ತುಗಳಿವೆ, ಫೋನು ಮಾಡಿ ಹೋಗಿ. ಮೆಡಿಕಲ್ ಕಾಲೇಜಿನ ಅಂಗರಚನಾ ವಸ್ತುಸಂಗ್ರಹಾಲಯ ಮಕ್ಕಳಿಗೆ ತೋರಿಸಲು ತಕ್ಕದ್ದು. ಸಂಜೆಗೆ ಮಣ್ಣಪಳ್ಳ ಕೆರೆಯ ದಂಡೆ, ಇಲ್ಲವೇ ಸ್ವರ್ಣಾ ನದಿ ಕಾಣುವ ಎಂಡ್ ಪಾಯಿಂಟ್.

ಬರುವುದು ಸುಲಭ. ಇಂದ್ರಾಳಿಯ ಉಡುಪಿ ರೈಲು ನಿಲ್ದಾಣ ಉಡುಪಿಗೂ ಮಣಿಪಾಲಕ್ಕೂ ನಡುವೆ ಇದೆ, ಸಿಟಿ ಬಸ್ಸುಗಳು ಹಗಲಿಡೀ ಓಡಾಡುತ್ತವೆ. ಕೋಣೆ ಸಿಗುವುದು ಕಷ್ಟವಾಗುವುದು ಪ್ರವೇಶದ ದಿನಗಳಲ್ಲಿ, ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಘಟಿಕೋತ್ಸವದ ಹೊತ್ತಿನಲ್ಲಿ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ನಡೆಯುವಾಗ. 2026ರ ಪರ್ಯಾಯ ಶೀರೂರು ಮಠದ್ದು, ಮುಂದಿನದು 2028ರಲ್ಲಿ. ಆ ದಿನಗಳಿಗೆ ತಿಂಗಳುಗಳ ಮೊದಲೇ ಕೋಣೆ ಕಾದಿರಿಸಿ.

ಕೊನೆಗೊಂದು ಕೋರಿಕೆ. ಮಳೆಗಾಲದ ರಜೆಯಲ್ಲಿ ಬಂದವರು ಒಂದು ಹೊತ್ತಿನ ಊಟವನ್ನಾದರೂ ಆ ದಿನ ಬಾಗಿಲು ತೆರೆದಿಟ್ಟ ಸಣ್ಣ ಹೋಟೆಲಿನಲ್ಲಿ ಮಾಡಿ. ಆಗಸ್ಟಿನವರೆಗೆ ಬಾಡಿಗೆ ಕಟ್ಟಿಕೊಂಡು ಹೋಗಲು ಅವರಿಗೆ ಬೇಕಾದದ್ದು ದಿನಕ್ಕೆ ಇಂಥ ಹತ್ತಿಪ್ಪತ್ತು ಊಟಗಳು.