ಮಲಬದ್ಧತೆ: ಮಾತ್ರೆ ನುಂಗುವ ಮೊದಲು
ದಿನಕ್ಕೊಮ್ಮೆ ಶೌಚವಾಗದಿದ್ದರೆ ಮಲಬದ್ಧತೆ ಎಂದು ಅನೇಕರು ಗಾಬರಿಯಾಗುತ್ತಾರೆ. ಹಾಗೇನಿಲ್ಲ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾಗುವುದು, ಮಲ ಗಟ್ಟಿಯಾಗಿ ತಿಣುಕಬೇಕಾಗುವುದು, ಹೊಟ್ಟೆ ಪೂರ್ತಿ ಖಾಲಿಯಾಗಲಿಲ್ಲ ಎನಿಸುವುದು ಅದರ ಲಕ್ಷಣಗಳು.

ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತದೆ. ಆದ್ದರಿಂದ ಶೌಚದ ಬಾಧೆಯನ್ನು ತಡೆಹಿಡಿಯಬೇಡಿ. ಹಳಿಯಾಳ, ಮುಂಡಗೋಡದ ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹಿಡಿಯುವ ವಿದ್ಯಾರ್ಥಿನಿಯರನ್ನು ಕೇಳಿ ನೋಡಿ. ಮನೆಯಲ್ಲಿ ಸಮಯವಿಲ್ಲ, ಶಾಲೆಯ ಶೌಚಾಲಯಕ್ಕೆ ಹೋಗಲು ಸಂಕೋಚ. ಸಂಜೆಯವರೆಗೆ ತಡೆದುಕೊಳ್ಳುವುದಲ್ಲದೆ, ಅದಕ್ಕೆಂದೇ ನೀರು ಕುಡಿಯುವುದನ್ನೂ ಬಿಡುವವರಿದ್ದಾರೆ. ಹೀಗೆಯೇ ಮುಂದುವರಿದರೆ ಬಾಧೆಯ ಅರಿವೇ ಮಂಕಾಗುತ್ತದೆ, ಮುಂದೆ ಮೂಲವ್ಯಾಧಿ, ಗುದದ್ವಾರದ ಬಿರುಕು ಕಾಡಬಹುದು. ಮಲಮೂತ್ರ ಬಾಧೆಯನ್ನು ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದೆಂಬ ಹದೀಸ್ ನಮಗೆ ಗೊತ್ತು. ಆದರೆ ಮಗಳು ತರಗತಿಯಲ್ಲಿ ಹೇಗೆ ಕುಳಿತಿರುತ್ತಾಳೆಂದು ತಾಯಂದಿರು ಕೇಳುವುದು ಅಪರೂಪ.

ಉಪಾಹಾರದ ಬಳಿಕ ಕರುಳಿನ ಚಲನೆ ತಾನಾಗಿ ಹೆಚ್ಚುತ್ತದೆ. ಹಾಗಾಗಿ ಹದಿನೈದು ನಿಮಿಷ ಬೇಗ ಎದ್ದು, ತಿಂಡಿ ತಿಂದು, ಅವಸರವಿಲ್ಲದೆ ಶೌಚಕ್ಕೆ ಹೋಗುವುದು ಒಳ್ಳೆಯದು. ದಾಂಡೇಲಿಯ ಕಾರ್ಖಾನೆಯಲ್ಲಿ ಪಾಳಿ ಬದಲಾಗುವವರು ಗಡಿಯಾರ ನೋಡುವ ಬದಲು, ಎದ್ದ ಮೇಲಿನ ಮೊದಲ ಊಟದ ನಂತರದ ಹೊತ್ತನ್ನು ಇದಕ್ಕೆ ಮೀಸಲಿಡಲಿ. ಕಮೋಡ್ ಬಳಸುವವರು ಪಾದದಡಿ ಚಿಕ್ಕ ಮಣೆ ಇಟ್ಟುಕೊಳ್ಳಿ. ಮೊಬೈಲ್ ಹೊರಗಿರಲಿ!

ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರಿನಂಶ ಬೇಕು. ಮೈದಾ ಪರೋಟ, ಬ್ರೆಡ್, ಬಿಸ್ಕೆಟ್‌ಗಳಲ್ಲಿ ಅದು ತೀರಾ ಕಡಿಮೆ. ಇದಕ್ಕಾಗಿ ಪೇಟೆಯ ಡಬ್ಬಿ ಪುಡಿ ಹುಡುಕಬೇಕಿಲ್ಲ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳಿಗೆ ಅಲ್ಲಿ ಮೇಳವೇ ನಡೆಯುತ್ತದೆ. ನಾವು ಮಾತ್ರ ಅವನ್ನು ಬಡವರ ಆಹಾರವೆಂದು ಬದಿಗಿಟ್ಟಿದ್ದೇವೆ. ಸಿಹಿಗೆಣಸನ್ನು ಚೆನ್ನಾಗಿ ತೊಳೆದು ಸಿಪ್ಪೆಸಮೇತ ಬೇಯಿಸಿ ತಿನ್ನಿ. ಬಯಲುಸೀಮೆಗೆ ಅಂಟಿಕೊಂಡ ಹಳಿಯಾಳ, ಮುಂಡಗೋಡದಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಮೆಂತ್ಯಸೊಪ್ಪು ಸಿಗುತ್ತವೆ. ನೂರು ಗ್ರಾಂ ಪೇರಲೆ ಹಣ್ಣಿನಲ್ಲಿ ಸುಮಾರು 5 ಗ್ರಾಂ ನಾರಿದೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚು ಕುಡಿಯಿರಿ. ಹೃದಯ, ಮೂತ್ರಪಿಂಡದ ರೋಗಿಗಳು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ದಿನವೂ ನಡೆಯಿರಿ.

ರಮಝಾನ್‌ನಲ್ಲಿ ಈ ತೊಂದರೆ ಹೆಚ್ಚು. ಇಫ್ತಾರ್‌ಗೆ ಸಮೋಸ, ಪಕೋಡ, ಚಹಾದಿಂದಲೇ ಹೊಟ್ಟೆ ತುಂಬಿಸದೆ ಖರ್ಜೂರದ ಜೊತೆ ಹಣ್ಣು, ಕಾಳು ಇರಲಿ. ಸಹರಿಯವರೆಗೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಿರಿ.

ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆಯಿಂದ ಮಲ ಗಟ್ಟಿಯಾಗಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ಲೋಟ ತುಂಬ ನೀರಿನೊಂದಿಗೇ ತೆಗೆದುಕೊಳ್ಳಿ. ಅಂಗಡಿಯಿಂದ ತಂದ ಭೇದಿ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸು ದಾಟಿದ ಮೇಲೆ ಶೌಚದ ರೀತಿ ಇದ್ದಕ್ಕಿದ್ದಂತೆ ಬದಲಾಗುವುದು ಕಂಡರೆ ನಾಚಿಕೊಳ್ಳದೆ ವೈದ್ಯರನ್ನು ಕಾಣಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.