ಚರ್ಮದ ಕೃಷಿ

ಮೈಯೆಲ್ಲ ಸುಟ್ಟವನಿಗೆ ಕಸಿಮಾಡಲು ಚರ್ಮವನ್ನು ತರುವುದೆಲ್ಲಿಂದ? ಅನ್ಯರ ಚರ್ಮವನ್ನು ದೇಹವು ಬಹುಕಾಲ ಒಪ್ಪದು. 1975ರಲ್ಲಿ ಅಮೆರಿಕದ ಹೊವಾರ್ಡ್ ಗ್ರೀನ್ ಮತ್ತು ಅವರ ಶಿಷ್ಯ ಜೇಮ್ಸ್ ರೈನ್‌ವಾಲ್ಡ್ ಇದಕ್ಕೊಂದು ದಾರಿ ತೋರಿದರು. ಹೊರಚರ್ಮದ ಜೀವಕೋಶಗಳು ತಾವಾಗಿಯೇ ತಟ್ಟೆಯಲ್ಲಿ ಬೆಳೆಯಲೊಲ್ಲವು; ವಿಕಿರಣದಿಂದ ವಿಭಜನೆಯನ್ನು ತಡೆದ ಇಲಿಯ ಜೀವಕೋಶಗಳನ್ನು ಜೊತೆಗಿರಿಸಿದರೆ, ದಾದಿಯ ಮಡಿಲ ಕೂಸಿನಂತೆ ಹುಲುಸಾಗಿ ಬೆಳೆಯುತ್ತವೆ.

1983ರಲ್ಲಿ ಐದು ಮತ್ತು ಆರು ವರ್ಷದ ಇಬ್ಬರು ಸೋದರರ ಮೈ ನೂರಕ್ಕೆ 95 ಭಾಗಕ್ಕೂ ಮಿಗಿಲಾಗಿ ಬೆಂದುಹೋಯಿತು. ಕಂಕುಳಲ್ಲಿ ಉಳಿದಿದ್ದ ಚೂರು ಚರ್ಮದಿಂದ ಹಾಳೆ ಹಾಳೆಯಾಗಿ ಹೊರಚರ್ಮವನ್ನು ಬೆಳೆಸಿ, ಬಾಸ್ಟನ್ನಿನ ವೈದ್ಯರು ಅವರಿಗೆ ಹೊದಿಸಿದರು. ಆ ಚರ್ಮದಲ್ಲಿ ಬೆವರಿನ ಗ್ರಂಥಿಗಳಿಲ್ಲ, ಕೂದಲೂ ಮೂಡದು. ಆದರೇನು, ಇಬ್ಬರೂ ಬದುಕಿದರು!

ಗ್ರೀನ್ 2015ರಲ್ಲಿ ತೀರಿಕೊಂಡರು. ಅದೇ ವರ್ಷ, ಅವರ ಬಳಿ ಪಳಗಿದ್ದ ಇಟಲಿಯ ಮಿಕೆಲೆ ಡಿ ಲೂಕಾ, ವಂಶವಾಹಿಯ ದೋಷದಿಂದ ಚರ್ಮ ಕಳಚಿಹೋಗುತ್ತಿದ್ದ ಬಾಲಕನೊಬ್ಬನ ಜೀವಕೋಶಗಳನ್ನು ತಿದ್ದಿ ಬೆಳೆಸಿದರು. ಜರ್ಮನಿಯ ವೈದ್ಯರು ಅವುಗಳಿಂದ ಅವನ ಮೈಯ ನೂರಕ್ಕೆ 80 ಭಾಗವನ್ನು ಮುಚ್ಚಿದರು.